ಭೀಮಶಿಯ ನೀರು, ಗೌರೀಶನ ಮೀನು

ಅಣ್ಣಿಗೇರಿಯಲ್ಲಿ ಸಮುದ್ರ ಸಾಕಿದವರ ಮನೆ ಯಾವುದೆಂದು ಕೇಳಿದರೆ ಸಣ್ಣ ಮಕ್ಕಳೂ ಗೌರೀಶನ ಮನೆಯ ಕಡೆ ಕೈ ಮಾಡುತ್ತಿದ್ದರು. ಒಂದು ಕಾಲಕ್ಕೆ ಆ ಮಾತು ಕಿವಿಗೆ ಬಿದ್ದರೆ ಅವನು ಎರಡು ಹೆಜ್ಜೆ ನಿಧಾನ ಮಾಡಿ ಇನ್ನೊಮ್ಮೆ ಕೇಳಿಸಿಕೊಂಡು ಹೋಗುತ್ತಿದ್ದ. ಈಗ ಯಾರಾದರೂ ಮೀನಿನ ಸುದ್ದಿ ತೆಗೆದರೆ ಮಳೆಯದೋ ಕಡಲೆಯದೋ ಮಾತು ಎತ್ತಿ ಜಾರಿಕೊಳ್ಳುತ್ತಾನೆ.

ಗೌರೀಶನಿಗೆ ನಲವತ್ತೆರಡು ವರ್ಷ. ರೈಲು ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ ಅವನದೊಂದು ಫಿಲ್ಟರ್ ನೀರಿನ ಘಟಕ. ಆ ಕಡೆಯ ಬೋರಿನ ನೀರು ಉಪ್ಪು. ಚಹಾ ಮಾಡಿದರೆ ಹಾಲು ಒಡೆಯುತ್ತದೆ, ಬೇಳೆ ಬೇಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೇ ಕ್ಯಾನು ಹಿಡಿದ ಜನ ಅವನ ಘಟಕದ ಮುಂದೆ ಸಾಲು ನಿಲ್ಲುತ್ತಿದ್ದರು. ನಲ್ಲಿ ಬಿಡುವವನು, ಯಂತ್ರ ತೊಳೆಯುವವನು, ಯಾರ ಮನೆಗೆ ಎಷ್ಟು ಕ್ಯಾನು ಎಂದು ನೆನಪಿಟ್ಟುಕೊಳ್ಳುವವನು ಎಲ್ಲಾ ಭೀಮಶಿಯೇ. ಅರವತ್ತರ ಹತ್ತಿರದ ಮನುಷ್ಯ, ಘಟಕ ಶುರುವಾದಂದಿನಿಂದ ಒಂಬತ್ತು ವರ್ಷ ಅಲ್ಲಿದ್ದ. ಗೌರೀಶ ಅವನನ್ನು ಕಾಕಾ ಎನ್ನುತ್ತಿದ್ದ. ಅವನು ಗೌರೀಶನನ್ನು ಸಾವಕಾರ್ರ ಎನ್ನುತ್ತಿದ್ದ.

ಮೀನಿನ ಹುಚ್ಚು ಹಿಡಿದದ್ದು ಹುಬ್ಬಳ್ಳಿಯ ಒಂದು ಹಲ್ಲಿನ ದವಾಖಾನೆಯಲ್ಲಿ. ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು, ಒಳಗೆ ಸಮುದ್ರದ ಕಲ್ಲು, ಹೂವಿನಂತೆ ಅರಳಿ ಮುಚ್ಚುವ ಹವಳ, ಬಣ್ಣಬಣ್ಣದ ಮೀನು. ಗೌರೀಶ ನೋಡುತ್ತ ಕುಳಿತವನು ತನ್ನ ಪಾಳಿ ಬಂದು ಹೋದದ್ದನ್ನೇ ಗಮನಿಸಲಿಲ್ಲ. ಆಮೇಲೆ ಆರು ತಿಂಗಳು ಮೊಬೈಲಿನಲ್ಲಿ ವೀಡಿಯೋ ನೋಡಿ ನೋಡಿ ಕಲಿತ. ಮನೆಯ ಪಡಸಾಲೆಯಲ್ಲಿ ನಾಲ್ಕು ಅಡಿ ಉದ್ದದ ತೊಟ್ಟಿ ಕೂರಿಸಿದ. ಸಮುದ್ರದ ಉಪ್ಪು ಚೀಲದಲ್ಲಿ ಬರುತ್ತಿತ್ತು. ಅದನ್ನು ಬೋರಿನ ನೀರಿಗೆ ಬೆರೆಸಿದರೆ ನಡೆಯುವುದಿಲ್ಲ, ಶುದ್ಧ ನೀರೇ ಬೇಕು. ಪ್ರತಿ ರವಿವಾರ ಭೀಮಶಿ ಎರಡು ಕ್ಯಾನು ಫಿಲ್ಟರ್ ನೀರು ಹೊತ್ತು ತಂದು ತೊಟ್ಟಿಯ ಬಾಜೂ ಇಟ್ಟು ಹೋಗುತ್ತಿದ್ದ.

ಊರಲ್ಲಿ ನಗೆಯಾಡಿದರು. "ಉಪ್ಪ ನೀರ ಸಿಹಿ ಮಾಡಿ ನಮಗ ಮಾರತಾನ, ಸಿಹಿ ನೀರಿಗೆ ಉಪ್ಪ ಹಾಕಿ ತಾ ಮನ್ಯಾಗ ಇಟ್ಕೊಂಡಾನ" ಎಂದರು. ಮೀನು ಮುಟ್ಟದ ಲಿಂಗವಂತರ ಮನೆಯಲ್ಲಿ ಮೀನು ಬಂದಿವೆ ಎಂದೂ ಅಂದರು. ನಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ನೋಡಲು ಬಂದರು. ಬಂದವರು ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟರು. ಗೌರೀಶನಿಗೆ ಅಷ್ಟು ಸಾಕಾಗಿತ್ತು.

ಹುಬ್ಬಳ್ಳಿಯಲ್ಲಿ ಮೀನು ಮಾರುವ ಅಕೀಲ್ ಮೊದಲು ಕೊಟ್ಟದ್ದು ಮೂರು ಕರಿ ಮರಿಗಳನ್ನು. ಉಗುರಿನಷ್ಟು ಗಾತ್ರ, ಮೈಯೆಲ್ಲಾ ಕಾಡಿಗೆ ಬಣ್ಣ, ಹಣೆಯ ಮೇಲೊಂದು ಬಿಳಿ ಚುಕ್ಕಿ, ಎರಡೂ ಪಕ್ಕಕ್ಕೆ ಒಂದೊಂದು. ಡ್ಯಾಮ್ಸೆಲ್ ಜಾತಿಯವು.

"ಇವು ಗಟ್ಟಿ ಜೀವ ಅದಾವ್ರಿ. ಹೊಸಾ ನೀರಿಗೂ ತಡೀತಾವು" ಎಂದಿದ್ದ ಅಕೀಲ್. "ಆದ್ರ ನೆನಪಿಡ್ರಿ, ಬೆಳದ್ವು ಅಂದ್ರ ಜಾಗಾ ಹಿಡೀತಾವು. ಮೂರ್ನಾಕು ತಿಂಗಳಿಗೆ ವಾಪಸ್ ತಂದುಕೊಡ್ರಿ. ಬ್ಯಾರೆ ಶಾಂತ ಮೀನ ಕೊಡ್ತೀನಿ, ಅವನ್ನ ಹಾಕೂಣು."

ಗೌರೀಶ ಹೂಂ ಎಂದಿದ್ದ. ತಿಂಗಳೊಳಗೆ ಮೂರರಲ್ಲಿ ಎರಡು ಕಾಣೆಯಾದವು. ಉಳಿದ ಒಂದು ದಿನದಿಂದ ದಿನಕ್ಕೆ ದುಂಡಗಾಯಿತು. ಗೌರೀಶನ ತಾಯಿ ರೇವವ್ವ ಒಂದು ಮುಂಜಾನೆ ಪೂಜೆ ಮುಗಿಸಿ ಬಂದು ತೊಟ್ಟಿಯ ಮುಂದೆ ಕುಳಿತವಳು, "ಇದರ ಹಣಿ ನೋಡ, ಯಪ್ಪಾ. ವಿಭೂತಿ ಹಚ್ಕೊಂಡು ಕುಂತೈತಿ. ಇದು ಶರಣರ ಮೀನ" ಎಂದಳು. ಅಂದಿನಿಂದ ಅದರ ಹೆಸರು ಶರಣಪ್ಪ ಎಂದೇ ಆಯಿತು. ವಾಪಸು ಕೊಡುವ ಮಾತು ಯಾರಿಗೂ ನೆನಪಾಗಲಿಲ್ಲ.

ತೊಟ್ಟಿಯ ಬಲಬದಿಗೆ ಎರಡು ಕಲ್ಲು ಒಂದಕ್ಕೊಂದು ಒರಗಿ ಸಣ್ಣ ಕಮಾನಿನಂತಾಗಿತ್ತು. ಅದರ ಕೆಳಗೆ ಶರಣಪ್ಪನ ಬಿಡಾರ. ಬಾಯಲ್ಲಿ ಮರಳು ತುಂಬಿ ತಂದು ಹೊರಗೆ ಉಗಿದು ಅಂಗಳ ಹಸನು ಮಾಡಿಕೊಳ್ಳುತ್ತಿತ್ತು. ಗೌರೀಶ ಗಾಜು ಒರೆಸಲು ಕೈ ಇಳಿಸಿದರೆ ಬಾಣದಂತೆ ಬಂದು ಬೆರಳು ಕಚ್ಚುತ್ತಿತ್ತು. ನೋವಾಗುತ್ತಿರಲಿಲ್ಲ, ಕಚಗುಳಿ ಅಷ್ಟೇ. "ನೋಡ, ನನ್ನ ಗುರ್ತ ಹಿಡದೈತಿ" ಎಂದು ಹೆಂಡತಿ ರೋಹಿಣಿಗೆ ತೋರಿಸುತ್ತಿದ್ದ. ಅವಳು ಹತ್ತಿರ ಬಂದು ನೋಡಿ, "ಗುರ್ತ ಹಿಡದ್ರ ಯಾರಾರ ಕಡೀತಾರೇನ್ರಿ?" ಎಂದಳು. ಅವನು ನಕ್ಕ.

ದೀಪಾವಳಿ ಕಳೆದ ಮೇಲೆ ಹೈಸ್ಕೂಲಿನ ವಿಜ್ಞಾನದ ಮಾಸ್ತರು ಕಾಶಿನಾಥ ಮನೆಗೆ ಬಂದರು. ಎಂಟನೆಯ ಇಯತ್ತೆಯ ಮಕ್ಕಳಿಗೆ ಸಮುದ್ರದ ಜೀವಿಗಳ ಪಾಠವಿತ್ತು. "ನಮ್ಮ ಹುಡುಗ್ರು ಸಮುದ್ರ ಎಲ್ಲಿ ನೋಡಬೇಕ್ರಿ? ನಿಮ್ಮ ಮನ್ಯಾಗ ತೋರಸ್ತೀರೇನು?" ಎಂದು ಕೇಳಿದರು. ಶನಿವಾರ ಮುಂಜಾನೆಗೆ ಗೊತ್ತಾಯಿತು. ಮಕ್ಕಳು ಬರುತ್ತಾರೆಂದರೆ ಒಂದೇ ಕರಿ ಮೀನು ತೋರಿಸಿದರೆ ಹೇಗೆ? ಗುರುವಾರ ಗೌರೀಶ ಹುಬ್ಬಳ್ಳಿಗೆ ಹೋಗಿ ಎರಡು ಕಿತ್ತಳೆ ಬಣ್ಣದ ಪಟ್ಟೆ ಮೀನು, ಬಿಳಿ ಮೈ ಕೆಂಪು ಬಾಲದ ಒಂದು ತೆಳ್ಳನೆಯ ಮೀನು ತಂದ. ಅಂಗಡಿಯಲ್ಲಿ ಅಂದು ಅಕೀಲ್ ಇರಲಿಲ್ಲ, ಅವನ ತಮ್ಮನಿದ್ದ. ಹಳೆಯ ಮೀನಿನ ಮಾತು ಬರಲೇ ಇಲ್ಲ.

ಶನಿವಾರ ಮೂವತ್ತೆರಡು ಮಕ್ಕಳು ಅಂಗಳದಲ್ಲಿ ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ಬಂದರು. ಗೌರೀಶ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಏನು ಹೇಳಬೇಕೆಂದು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡಿದ್ದ. ತೊಟ್ಟಿಯ ದೀಪ ಹಚ್ಚಿದ. ಒಂದು ಕಿತ್ತಳೆ ಮೀನು ಪಂಪಿನ ಜಾಳಿಗೆಗೆ ಅಂಟಿಕೊಂಡಿತ್ತು, ರೆಕ್ಕೆಗಳು ಚಿಂದಿಯಾಗಿದ್ದವು. ಇನ್ನೊಂದು ಮೇಲಿನ ಮೂಲೆಯಲ್ಲಿ ಓರೆಯಾಗಿ ನಿಂತು ಬಾಯಿ ಬಾಯಿ ಬಿಡುತ್ತಿತ್ತು. ಕೆಂಪು ಬಾಲದ್ದು ಎಲ್ಲೂ ಇರಲಿಲ್ಲ. ಶರಣಪ್ಪ ಮಾತ್ರ ಗಾಜಿನ ನಡುಮಧ್ಯಕ್ಕೆ ಬಂದು ಮೂವತ್ತೆರಡು ಮುಖಗಳನ್ನು ನೋಡುತ್ತ ನಿಂತಿತು.

ಅಷ್ಟರಲ್ಲಿ ಸೋಫಾದ ಹಿಂದಿನಿಂದ ಒಬ್ಬ ಹುಡುಗಿ ಏನನ್ನೋ ಎತ್ತಿಕೊಂಡಳು. "ಸರ್, ಇದು ಬ್ಯಾಡಗಿ ಮೆಣಸಿನಕಾಯಿ ಅಂತ ಮಾಡಿದ್ನಿರಿ. ಮೀನ ಐತ್ರಿ!"

ಕೆಂಪು ಬಾಲದ್ದೇ ಅದು, ನೀರಿನಿಂದ ಹಾರಿ ಬಿದ್ದು ಒಣಗಿಹೋಗಿತ್ತು. ಮಕ್ಕಳು ಗೊಳ್ಳೆಂದು ನಕ್ಕರು. ಮಾಸ್ತರು ಗದರಿಸಿ, ಗೌರೀಶನಿಗೆ ಸಮಾಧಾನವಾಗಲೆಂದು ಮೆಲ್ಲಗೆ, "ನೀರ ಒಗ್ಗಿಲ್ಲೇನೋ ಬಿಡ್ರಿ" ಎಂದರು.

ಆ ಒಂದು ಮಾತನ್ನು ಗೌರೀಶ ಹಿಡಿದುಕೊಂಡ. ರೆಕ್ಕೆ ಚಿಂದಿಯಾದದ್ದು ಅವನ ಕಣ್ಣಿಗೆ ಬಿದ್ದಿತ್ತು, ನೀರು ಕೆಟ್ಟರೆ ರೆಕ್ಕೆ ಹಾಗೆ ಹರಿಯುವುದಿಲ್ಲವೆಂದು ಅವನು ನೋಡಿದ ವೀಡಿಯೋಗಳಿಂದಲೇ ಅವನಿಗೆ ಗೊತ್ತಿತ್ತು. ಆದರೂ, "ನೀರಂದ ಏನೋ ಆಗೇತ್ರಿ ಮಾಸ್ತರ್ರ. ನಾ ನೋಡ್ತೀನಿ" ಎಂದ. ಮಕ್ಕಳು ಹೊರಟದ್ದೇ ಗಾಡಿ ಹತ್ತಿ ನೇರ ಘಟಕಕ್ಕೆ ಹೋದ.

ಅಲ್ಲಿ ಸಾಲು ನಿಂತಿತ್ತು. ಹೆಂಗಸರು, ಗಾಡಿಗೆ ಕ್ಯಾನು ಕಟ್ಟಿಕೊಂಡವರು, ಚಹಾದಂಗಡಿಯವನು. ಭೀಮಶಿ ನಲ್ಲಿಯ ಕೆಳಗೆ ಕ್ಯಾನು ಸರಿಸುತ್ತಿದ್ದ.

"ಕಾಕಾ, ಹೋದ ಐತವಾರ ನಮ್ಮ ಮನಿಗೆ ಎಂಥಾ ನೀರ ಕೊಟ್ಟಿ?"

"ಈ ನಳದ್ದ ಕೊಟ್ಟೇನ್ರಿ. ಯಾಕ್ರಿ?"

"ಈ ನಳದ್ದಲ್ಲ. ಬೋರಿನ ನೀರ ತುಂಬಿ ಕೊಟ್ಟಿ. ಕ್ಯಾನು ತುಂಬೂತನಾ ನಿಂದ್ರಾಕ ಬ್ಯಾಸರಾತು, ಬಾಜೂದ ನಳ ತಿರುವಿದಿ. ಎರಡ ಮೀನ ಹ್ವಾದ್ವು, ಮೂರನೇದೂ ಉಳಿಯೂದಿಲ್ಲ."

ಭೀಮಶಿ ನಲ್ಲಿ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡ. "ಒಂಬತ್ತ ವರ್ಷದಾಗ ಒಂದ ದಿನಾ ಹಾಂಗ ಮಾಡಿಲ್ರಿ ನಾ. ಮೀಟರ್ ನಿಮ್ಮ ಕಿಸೇದಾಗ ಐತಲ್ರಿ. ಮನ್ಯಾಗ ಇನ್ನೂ ಅರ್ಧಾ ಕ್ಯಾನ ಉಳದಿರಬೇಕು. ಅದ್ದಿ ನೋಡ್ರಿ."

ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ಅಂಕಿಯಲ್ಲಿ ತೋರಿಸುವ, ಪೆನ್ನಿನಂಥ ಆ ಮೀಟರು ನಿಜವಾಗಿಯೂ ಗೌರೀಶನ ಅಂಗಿಯ ಕಿಸೆಯಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. "ಮೀಟರಿನ್ಯಾಗ ಏನ್ ನೋಡೂದೈತಿ? ಸತ್ತದ್ದ ಕಣ್ಣಾರೆ ನೋಡಿ ಬಂದೀನಿ. ನನಗ ಸುಳ್ಳ ಹೇಳಬ್ಯಾಡ. ನನಗ ಹಿಂಗ ಮಾಡಾವ ಈ ಮಂದಿಗೆ ಎಂಥಾ ನೀರ ಕೊಡಾಕತ್ತಿಯೋ ಏನೋ" ಎಂದ.

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಹೆಚ್ಚಾಯಿತು ಎನಿಸಿತು. ಆದರೆ ಜನರೆದುರು ಹಿಂದೆ ಸರಿಯುವುದು ಹೇಗೆ? ಭೀಮಶಿ ಸೊಂಟದ ಚಾವಿ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಅರ್ಧ ತುಂಬಿದ ಕ್ಯಾನನ್ನು ಪೂರ್ತಿ ತುಂಬಿಸಿ, ಮುಚ್ಚಳ ತಿರುವಿ, ಅದರ ಒಡತಿಯ ಮುಂದೆ ಸರಿಸಿದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅಂದು ಸಂಜೆ ಮನೆಗೆ ಬಂದ ಗೌರೀಶ, ರೋಹಿಣಿ ಅಡುಗೆಮನೆಯಲ್ಲಿದ್ದಾಗ, ಉಳಿದ ಅರ್ಧ ಕ್ಯಾನಿಗೆ ಮೀಟರು ಅದ್ದಿದ. ನಲವತ್ತೆರಡು. ಬೋರಿನ ನೀರಾಗಿದ್ದರೆ ಸಾವಿರದ ಐನೂರು ದಾಟುತ್ತಿತ್ತು. ಇನ್ನೊಮ್ಮೆ ಅದ್ದಿದ. ನಲವತ್ತೆರಡೇ. ಮೀಟರನ್ನು ಅಂಗಿಯ ಚುಂಗಿಗೆ ಒರೆಸಿ ಕಿಸೆಗೆ ಹಾಕಿದ. ಆಗಲೇ ಗಾಡಿ ಹತ್ತಿದ್ದರೆ ಭೀಮಶಿಯ ಮನೆ ಐದು ನಿಮಿಷದ ದಾರಿ. ಅವನು ಹತ್ತಲಿಲ್ಲ. ನಾಳೆ ಹೇಗೂ ಕೆಲಸಕ್ಕೆ ಬರುತ್ತಾನೆ, ಆಗ ಸರಿ ಮಾಡಿದರಾಯಿತು ಎಂದುಕೊಂಡ.

ಭೀಮಶಿ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಗೌರೀಶ ಬೇರೊಬ್ಬನನ್ನು ಇಟ್ಟುಕೊಂಡ. ಊರಲ್ಲಿ ಮಾತು ಮಾತ್ರ ನಿಲ್ಲಲಿಲ್ಲ. ಭೀಮಶಿ ಫಿಲ್ಟರ್ ನೀರಿನಲ್ಲಿ ಬೋರಿನ ನೀರು ಬೆರೆಸುತ್ತಿದ್ದನಂತೆ ಎಂಬುದು ನಾಲ್ಕು ದಿನದಲ್ಲಿ ಊರಿನ ಇನ್ನೊಂದು ತುದಿಗೆ ಮುಟ್ಟಿತು. ಅಲ್ಲಿ ಈರಬಸಪ್ಪನದು ಎರಡನೆಯ ಘಟಕ. ಭೀಮಶಿ ಕೆಲಸ ಕೇಳಿ ಹೋದಾಗ ಈರಬಸಪ್ಪ, "ನೀರಿನ ಕೆಲಸದಾಗ ನಂಬಿಗಿ ಬೇಕ ನೋಡ" ಎಂದು ಹೇಳಿ ಕಳಿಸಿದನಂತೆ. ಈ ಸುದ್ದಿಯನ್ನು ಸಾಲಿನಲ್ಲಿ ನಿಂತವರೊಬ್ಬರು ಗೌರೀಶನಿಗೆ ಮೆಚ್ಚುಗೆಯಾಗಲೆಂದೇ ಹೇಳಿದರು. ಅವನು ತಲೆ ತಗ್ಗಿಸಿ ಕ್ಯಾನಿನ ಮುಚ್ಚಳ ಹುಡುಕುತ್ತಿರುವವನಂತೆ ಮಾಡಿದ. ಸ್ವಲ್ಪ ದಿನಕ್ಕೆ, ಭೀಮಶಿ ಹುಬ್ಬಳ್ಳಿಯ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಾಚಮನ್ ಆಗಿದ್ದಾನೆ, ದಿನಾ ರೈಲಿಗೆ ಹೋಗಿ ಬರುತ್ತಾನೆ ಎಂದು ತಿಳಿಯಿತು. ಮನೆಯಲ್ಲಿ ರೇವವ್ವ, "ಭೀಮಶಿ ಯಾಕ ಬರವಲ್ಲ?" ಎಂದು ಕೇಳಿದಾಗ ಗೌರೀಶ, "ಹುಬ್ಬಳ್ಯಾಗ ಚಲೋ ಕೆಲಸ ಸಿಕ್ಕೈತಂತ" ಎಂದ.

ಮೂಲೆಯಲ್ಲಿದ್ದ ಕಿತ್ತಳೆ ಮೀನೂ ಎರಡೇ ದಿನಕ್ಕೆ ಸತ್ತಿತ್ತು. ಗೌರೀಶ ಅಂಥವೇ ಮತ್ತೆರಡು ತಂದ. ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ರೋಹಿಣಿ, "ನಿಮ್ಮ ಶರಣಪ್ಪನ ಆಟ ನೋಡೀರೇನು? ಹೊಸಾ ಮೀನಗೋಳನ್ನ ಅಟ್ಟಿಸಿಕೊಂಡ ಹೊಂಟೈತಿ" ಎಂದಳು.

"ಆಡ್ತಿರತೈತಿ."

"ಆಟ ಅಲ್ರಿ ಅದು. ನೀವ ಬಂದ ನಿಂತ್ರ ಕೂಳು ಬರ್ತೈತಂತ ಎಲ್ಲಾ ಮುಂದ ಬರ್ತಾವು, ನಿಮಗ ಕಾಣಂಗಿಲ್ಲ. ನಾ ಅಡಗೀ ಮನಿಯಿಂದ ದಿನಾ ನೋಡ್ತೀನಿ."

"ನಿನಗ ಅದರದೇನ ತಿಳೀತೈತಿ, ಸುಮ್ನಿರು" ಎಂದುಬಿಟ್ಟ.

ಮರುದಿನ ರೋಹಿಣಿ ಮೊಬೈಲನ್ನು ಕಪಾಟಿನ ಮೇಲೆ ಒರಗಿಸಿಟ್ಟು, ವೀಡಿಯೋ ಶುರುಮಾಡಿ, ಅತ್ತೆಯೊಂದಿಗೆ ಹಿತ್ತಲಲ್ಲಿ ಶೇಂಗಾ ಒಡೆಯಲು ಕುಳಿತಳು. ಸಂಜೆ ಗಂಡನಿಗೆ ಚಹಾದ ಜೊತೆ ಮೊಬೈಲನ್ನೂ ಕೊಟ್ಟಳು.

ಪಡಸಾಲೆ ಖಾಲಿ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹೊಸ ಮೀನೊಂದು ಕಮಾನಿನ ಕಡೆ, ಒಂದು ಮೊಳ ದೂರದಲ್ಲಿ, ಸುಮ್ಮನೆ ತೇಲುತ್ತ ಬಂತು. ಶರಣಪ್ಪ ಕಲ್ಲಿನಡಿಯಿಂದ ಚಿಮ್ಮಿತು. ಒಂದೇ ಸಲಕ್ಕೆ ಬಾಲಕ್ಕೆ ಬಾಯಿ ಹಾಕಿತು. ಟಕ್ ಟಕ್ ಎಂಬ ಸಣ್ಣ ಸದ್ದು ಗಾಜಿನಾಚೆಗೂ ಕೇಳುತ್ತಿತ್ತು. ಓಡಿದ ಮೀನನ್ನು ತೊಟ್ಟಿಯ ಆ ತುದಿಯವರೆಗೆ ಅಟ್ಟಿ, ಪಂಪಿನ ಹಿಂದಿನ ಮೂಲೆಗೆ ತಳ್ಳಿ, ಅಲ್ಲಿ ನಿಂತು ಕಾದು, ಅದು ಅಲುಗಿದಾಗಲೆಲ್ಲ ಕಚ್ಚಿತು. ತನ್ನ ಕಮಾನು ಸಾಲದೆಂಬಂತೆ ಇಡೀ ನಾಲ್ಕು ಅಡಿಯೂ ತನ್ನದೇ ಮಾಡಿಕೊಂಡಿತ್ತು. ನಲವತ್ತು ನಿಮಿಷದ ವೀಡಿಯೋ ಪೂರ್ತಿ ಹೀಗೇ. ಚಹಾ ಆರಿಹೋಯಿತು.

ಮೊದಲ ಎರಡು ಒಡಹುಟ್ಟಿದವುಗಳನ್ನೂ ಇದೇ ಮುಗಿಸಿರಬೇಕು. ಕೆಂಪು ಬಾಲದ್ದು ಹಾರಿ ಬಿದ್ದದ್ದು ಇದರ ಹಾವಳಿ ತಾಳಲಾರದೆ. ಈ ತೊಟ್ಟಿಯಲ್ಲಿ ಮೊದಲು ಜಾಗ ಹಿಡಿದದ್ದು ಇದೇ. ಆಮೇಲೆ ಬಂದವುಗಳಿಗೆ ಜಾಗವೇ ಇಲ್ಲ. ಅಕೀಲ್ ಹೇಳಿದ್ದ ಮಾತು ಈಗ ನೆನಪಾಯಿತು.

"ಭೀಮಶಿ ಕಾಕಾಗ ಏನ ಹೇಳ್ತೀರಿ?" ಎಂದಳು ರೋಹಿಣಿ.

"ಹೇಳೂಣು" ಎಂದ ಗೌರೀಶ. ಕ್ಯಾನಿಗೆ ಮೀಟರು ಅದ್ದಿದ ಸಂಗತಿಯನ್ನು ಅವಳಿಗೂ ಹೇಳಿರಲಿಲ್ಲ.

ಮೀನಿನ ಕೆಲಸ ಮಾತ್ರ ಅವನು ತಡಮಾಡಲಿಲ್ಲ. ಕಲ್ಲುಗಳನ್ನೆಲ್ಲ ಬೇರೆ ಥರ ಜೋಡಿಸಿದರೆ ಹಳೆಯ ಗುರುತು ತಪ್ಪಿ ಜಗಳ ನಿಲ್ಲುತ್ತದೆ ಎಂದು ವೀಡಿಯೋದಲ್ಲಿ ಹೇಳಿದ್ದರು. ಹಾಗೇ ಮಾಡಿದ. ಶರಣಪ್ಪ ಒಂದು ದಿನ ದಿಕ್ಕುಗೆಟ್ಟು ತಿರುಗಿತು. ಮರುದಿನ ಹೊಸ ಸಂದಿ ಹಿಡಿದು ಮೊದಲಿನಂತೆಯೇ ಎರಗಿತು. ಕೊನೆಗೆ ಅದನ್ನೇ ತೆಗೆಯುವುದೆಂದಾಯಿತು. ಹಿಡಿಯುವುದು ಸುಲಭವಿರಲಿಲ್ಲ. ಬಲೆ ಕಂಡರೆ ಸಂದಿ ಸೇರುತ್ತಿತ್ತು. ಇಡೀ ಐತವಾರ ಒಂದೊಂದೇ ಕಲ್ಲು ಹೊರಗಿಟ್ಟು, ನೀರು ಅರ್ಧಕ್ಕಿಳಿಸಿ, ಮೊಣಕೈತನಕ ಉಪ್ಪುನೀರಲ್ಲಿ ತೋಯ್ದು ಹಿಡಿದ. ಹಿಡಿದಾಗ ನೋಡಿದರೆ ಹಣೆಯ ಬಿಳಿ ಚುಕ್ಕಿ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಆ ಜಾತಿಯವು ಬೆಳೆದಂತೆ ಚುಕ್ಕಿ ಮಾಸುತ್ತದಂತೆ. ರೇವವ್ವ ಅಂಗೈಯಷ್ಟಾಗಿದ್ದ ಅದನ್ನು ಬಕೆಟ್ಟಿನಲ್ಲಿ ಕಂಡು, "ಹೌದ, ವಿಭೂತಿ ಎಲ್ಲೈತಿ?" ಎಂದಳು.

ಸೋಮವಾರ ಮುಂಜಾನೆ ಮುಚ್ಚಳದ ಡಬ್ಬಿಯಲ್ಲಿ ಮೀನು ಹಾಕಿಕೊಂಡು ಗೌರೀಶ ಹುಬ್ಬಳ್ಳಿಗೆ ಹೊರಟ. ಬಸ್ಸಿನಲ್ಲಿ ನೀರು ತುಳುಕುತ್ತದೆಂದು ರೈಲಿಗೆ ಹೋದ. ಯಾವ ರೈಲಿಗೆ ಯಾರು ಹೋಗುತ್ತಾರೆಂದು ನೆನಪಾದದ್ದು ರೈಲು ಹತ್ತಿ ಕುಳಿತ ಮೇಲೆ. ಎದುರಿನ ಬಾಕಿನಲ್ಲಿ ಖಾಕಿ ಅಂಗಿ ತೊಟ್ಟು, ಊಟದ ಚೀಲ ತೊಡೆಯ ಮೇಲಿಟ್ಟುಕೊಂಡು ಭೀಮಶಿ ಕುಳಿತಿದ್ದ.

ಇಬ್ಬರೂ ಒಂದು ಗಳಿಗೆ ಕಿಟಕಿ ನೋಡಿದರು. ಭೀಮಶಿಯೇ ಮೊದಲು, "ಬರ್ರಿ, ಇಲ್ಲೆ ಇಡ್ರಿ, ತುಳಕತೈತಿ" ಎಂದು ಸರಿದು ಕುಳಿತು ತನ್ನ ಬಾಜೂ ಜಾಗ ಮಾಡಿದ. ಡಬ್ಬಿಯನ್ನು ತಾನೇ ಎರಡು ಕಾಲಿನ ನಡುವೆ ಗಟ್ಟಿಯಾಗಿ ಹಿಡಿದುಕೊಂಡ. ಒಳಗೆ ಬಗ್ಗಿ ನೋಡಿ, "ಶರಣಪ್ಪ ಅಲ್ಲೇನ್ರಿ ಇದು? ಎಲ್ಲಿಗೆ ಒಯ್ಯಾಕತ್ತೀರಿ?" ಎಂದ.

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಕೊಂದದ್ದು ಇದೇ, ನೀರಲ್ಲ. ನೀರು ಚಲೋ ಇತ್ತೆಂದು ನನಗೆ ಅಂದೇ ಗೊತ್ತಾಗಿತ್ತು. ಎರಡೇ ಮಾತು. ಗೌರೀಶ ಬಾಯಿ ತೆರೆದ. ಸುತ್ತ ನಾಲ್ಕಾರು ಗುರುತಿನ ಮುಖಗಳಿದ್ದವು. ಬಾಯಿಂದ ಬಂದದ್ದು, "ವಾಪಸ್ ಕೊಡಾಕ... ನೀರ ಒಗ್ಗವಲ್ದು ಇದಕ್ಕ" ಎಂಬ ಮಾತು.

ಭೀಮಶಿ ತಲೆ ಎತ್ತಿದ. "ಈಗೂ ಒಗ್ಗವಲ್ದೇನ್ರಿ? ಈಗ ನಾ ಇಲ್ಲಲ್ರಿ ಅಲ್ಲೆ."

ಅಷ್ಟೇ. ಅದರಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚುವ ದನಿಯೂ ಇರಲಿಲ್ಲ. ಹುಬ್ಬಳ್ಳಿ ಬರುವವರೆಗೂ ಒಂದು ಗಂಟೆ ಭೀಮಶಿ ಆ ಡಬ್ಬಿಯನ್ನು ತುಳುಕದಂತೆ ಹಿಡಿದುಕೊಂಡೇ ಬಂದ. ಇಳಿಸಿ ಕೊಟ್ಟು, "ಬರ್ತೀನ್ರಿ, ಹೊತ್ತಾತು" ಎಂದು ಜನರ ನಡುವೆ ಹೋದ. ಖಾಕಿ ಅಂಗಿ ಅವನಿಗೆ ಎರಡು ಅಳತೆ ದೊಡ್ಡದಿತ್ತು.

ಅಕೀಲ್ ಮೀನು ನೋಡಿ ನಕ್ಕ. "ಇನ್ನೂ ಇಟ್ಕೊಂಡೀರೇನ್ರಿ? ಅವತ್ತ ಹೇಳಿದ್ನೆಲ್ರಿ, ಜಾಗಾ ಹಿಡೀತೈತಿ ಅಂತ. ಇದರದೇನೂ ತಪ್ಪಿಲ್ರಿ, ಇದರ ಗುಣಾನ ಹಾಂಗ. ಇದಕ್ಕ ದೊಡ್ಡ ತೊಟ್ಟೀನ ಬೇಕು" ಎಂದು ಅದನ್ನು ಅಂಗಡಿಯ ಹಿಂದಿನ ಬೇರೆ ತೊಟ್ಟಿಗೆ ಬಿಟ್ಟ. ಮೀನಿನ ತಪ್ಪಿಲ್ಲ ಎಂಬ ಮಾತು ಕೇಳಿದ್ದೇ ಗೌರೀಶ ಖಾಲಿ ಡಬ್ಬಿ ಎತ್ತಿಕೊಂಡು ಹೊರಬಿದ್ದ. ಸಂಜೆಯ ರೈಲಿಗೆ ಭೀಮಶಿ ಇರುತ್ತಾನೆಂದು ಮಧ್ಯಾಹ್ನದ ಬಸ್ಸು ಹಿಡಿದು ಊರು ಸೇರಿದ.

ಮನೆಯಲ್ಲಿ ರೋಹಿಣಿ ಊಟಕ್ಕೆ ಬಡಿಸಿದಳು. ರೊಟ್ಟಿ ಮುರಿದವನು ಹಾಗೇ ಕುಳಿತ. ಅವಳು ಕೇಳದೆಯೇ ಎಲ್ಲ ಹೇಳಿಬಿಟ್ಟ. ರೈಲಿನಲ್ಲಿ ಆಡಿದ ಮಾತು, ಅದಕ್ಕೂ ಮೊದಲು ಕ್ಯಾನಿಗೆ ಮೀಟರು ಅದ್ದಿದ್ದು, ಅದು ನಲವತ್ತೆರಡು ತೋರಿಸಿದ್ದು.

"ಅವತ್ತ ಸಂಜೀಕ ಗೊತ್ತಾಗಿತ್ತೇನು?" ರೋಹಿಣಿಯ ಕೈ ನಿಂತಿತು. "ಒಂದೂವರಿ ತಿಂಗಳಾತಲ್ರಿ."

ಬಾಗಿಲಲ್ಲಿ ರೇವವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ತಿಳಿಯಲಿಲ್ಲ. ಮೂಲೆಯ ಕೋಲು ಹುಡುಕಿ ತೆಗೆದುಕೊಂಡು, ಸೆರಗು ತಲೆಯ ಮೇಲೆಳೆದುಕೊಂಡು ಹೊರಟಳು.

"ಎಲ್ಲಿಗೆ ಹೊಂಟಿಬೇ?"

"ಭೀಮಶಿ ಮನೀಗೆ. ಚಲೋ ಕೆಲಸ ಸಿಕ್ಕೈತಂತ ನನಗ ಹೇಳಿದಿ. ಅವನ ಹೇಂತಿ ಮಾರಿ ಮುಂದ ನಿಂತು, ನನ್ನ ಮಗಾ ಸುಳ್ಳ ಹೇಳ್ಯಾನ ಅಂತ ನಾನ ಕೈ ಮುಗದ ಬರ್ತೀನಿ. ನಿನಗ ಆಗೂದಿಲ್ಲಲ್ಲ."

ಎಪ್ಪತ್ತೆಂಟರ ತಾಯಿ ಕೋಲೂರಿ ಮೆಟ್ಟಿಲು ಇಳಿಯುತ್ತಿದ್ದಳು. ಗೌರೀಶ ಎಂಜಲು ಕೈಯಲ್ಲೇ ಓಡಿ ಹೋಗಿ ಅಡ್ಡ ನಿಂತ. "ಬ್ಯಾಡಬೇ. ನಾ ಹೋಗ್ತೀನಿ. ನನ್ನಾಣಿ, ಇವತ್ತ ಹೋಗ್ತೀನಿ." ಇಷ್ಟು ವರ್ಷದಲ್ಲಿ ಎಂದೂ ತಾಯಿಯ ಮುಖ ನೋಡಲು ಅವನಿಗೆ ಇಷ್ಟು ಕಷ್ಟವಾದದ್ದಿಲ್ಲ.

ಸಂಜೆ ಸ್ಟೇಶನ್ನಿನ ಬೇವಿನ ಮರದ ಕೆಳಗೆ ಕಾದು ನಿಂತ. ರೈಲು ಇಳಿದ ಭೀಮಶಿ ಅವನನ್ನು ಕಂಡು ನಿಂತ. ಗೌರೀಶ ಈ ಸಲ ಸುತ್ತು ಹಾಕಲಿಲ್ಲ. ನೆಲ ನೋಡುತ್ತ ಮೊದಲಿನಿಂದ ಕೊನೆಯವರೆಗೆ ಹೇಳಿದ. "ತಪ್ಪಾಗೇತಿ ಕಾಕಾ. ನಾಳೆಯಿಂದ ಬಾ. ಚಾವಿ ನಿಂದ ಐತಿ."

ಭೀಮಶಿ ಊಟದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನನಗ ಹೇಳಿ ಏನ ಮಾಡ್ತೀರ್ರಿ? ನಾ ಎಂಥಾ ನೀರ ತುಂಬಿದ್ನಿ ಅನ್ನೂದು ನನಗ ಮೊದಲ ಗೊತ್ತಿತ್ತಲ್ರಿ. ಅವತ್ತ ಸಾಲಿನ್ಯಾಗ ಯಾರ್ಯಾರ ನಿಂತಿದ್ರು, ಅವರಿಗೆ ಹೇಳ್ರಿ. ಕೆಲಸಕ್ಕ ಬ್ಯಾಡ್ರಿ. ಅಲ್ಲೆ ನಿಂತ್ರ ನನಗ ಆ ಮಾತ ಕೇಳಸ್ತಿರತೈತಿ" ಎಂದು ಹೊರಟ.

ಮರುದಿನ ಮುಂಜಾನೆ ಆರೂವರೆಗೆ ಸಾಲು ಉದ್ದವಿತ್ತು. ಗೌರೀಶ ನಲ್ಲಿ ನಿಲ್ಲಿಸಿದ. ಯಂತ್ರ ಕೆಟ್ಟಿತೇನೋ ಎಂದು ಜನ ಗೊಣಗಿದರು. ಅವನು ಸಾಲಿನ ಕಡೆ ತಿರುಗಿ ನಿಂತ. ಭೀಮಶಿ ಕಾಕಾ ನೀರು ಬೆರೆಸಿರಲಿಲ್ಲ, ನಾನು ಅಂದದ್ದು ಸುಳ್ಳು. ಸುಳ್ಳೆಂದು ಗೊತ್ತಾದ ಮೇಲೂ ಸುಮ್ಮನಿದ್ದೆ ಎಂದ. ಮೀನನ್ನು ಕೊಂದದ್ದು ನನ್ನದೇ ಇನ್ನೊಂದು ಮೀನು ಎಂದೂ ಹೇಳಿದ. ಹಿಂದಿನಿಂದ ಒಬ್ಬ ಫಕ್ಕನೆ ನಕ್ಕ. "ಒಂದ ಮೀನಿನ ಸಲುವಾಗಿ ಇಷ್ಟೆಲ್ಲಾ?" ಎಂದಿತು ಒಂದು ದನಿ. ಕೆಲವರಿಗೆ ಏನು ವಿಷಯವೆಂದೇ ತಿಳಿಯಲಿಲ್ಲ, ಶಾಲೆಗೆ ಹೊತ್ತಾಯಿತು, ನೀರು ಬಿಡು ಎಂದರು. ಸಾಲಿನ ಮುಂದೆ ಹಸನಬಿ ಎಂಬ ಹೆಂಗಸಿದ್ದಳು. ಅಂದು ಭೀಮಶಿ ಕೊನೆಯದಾಗಿ ತುಂಬಿಸಿಕೊಟ್ಟದ್ದು ಅವಳದೇ ಕ್ಯಾನು. ಅವಳು ಮಾತ್ರ ಗೌರೀಶನನ್ನು ನೆಟ್ಟಗೆ ನೋಡಿ, "ಅವತ್ತ ಅಂವ ನನ್ನ ಕ್ಯಾನ ತುಂಬಿಸಿ ಕೊಡೂತನಾ ಹೋಗಲಿಲ್ಲ, ಯಪ್ಪಾ. ನನಗ ಅವಾಗ ತಿಳದಿತ್ತು. ನಿನಗ ತಿಳೀಲಿಲ್ಲ" ಎಂದಳು. ಅವನು ನಲ್ಲಿ ತಿರುವಿದ.

ಅಲ್ಲಿಂದ ನಡೆದುಕೊಂಡೇ ಈರಬಸಪ್ಪನ ಘಟಕಕ್ಕೆ ಹೋಗಿ ಅವನಿಗೂ ಅದನ್ನೇ ಹೇಳಿದ. ಪೈಪೋಟಿಯ ಮನುಷ್ಯನ ಎದುರು ಹಾಗೆ ನಿಲ್ಲುವುದು ಸಾಲಿನೆದುರು ನಿಂತದ್ದಕ್ಕಿಂತ ಕಷ್ಟವಾಯಿತು. ಕಾಶಿನಾಥ ಮಾಸ್ತರ ಮನೆಗೂ ಹೋದ. ಅವರು ಚಹಾ ಕೊಟ್ಟರು, ಸಮಾಧಾನದ ಮಾತು ಹೇಳಲಿಲ್ಲ. ಅದು ಅವನಿಗೆ ಸರಿಯೆನಿಸಿತು.

ಸಂಕ್ರಾಂತಿಗೆ ಸ್ವಲ್ಪ ಮೊದಲು ಈರಬಸಪ್ಪ ಭೀಮಶಿಯನ್ನು ಕರೆದು ಚಾವಿ ಕೊಟ್ಟ. ಗೌರೀಶನ ಸಾಲಿನಿಂದ ಕೆಲವು ಮನೆಯವರು ಅತ್ತ ಹೋದರು, ಹಸನಬಿಯೂ ಹೋದಳು. ಯಾಕೆಂದು ಗೌರೀಶ ಯಾರನ್ನೂ ಕೇಳಲಿಲ್ಲ. ತೊಟ್ಟಿ ಇನ್ನೂ ಪಡಸಾಲೆಯಲ್ಲಿದೆ. ಕಿತ್ತಳೆ ಮೀನುಗಳೆರಡೂ ಬದುಕಿ ದುಂಡಗಾಗಿವೆ. ನೋಡಲು ಬಂದವರಿಗೆ ರೋಹಿಣಿಯೇ ತೋರಿಸುತ್ತಾಳೆ.

ಮೊನ್ನೆ ಸಂತೆಯಲ್ಲಿ ಭೀಮಶಿ ಎದುರಾದ. ಹೆಂಡತಿ ಜೊತೆಗಿದ್ದಳು. "ಆರಾಮ ಅದೀರೇನ್ರಿ? ಅವ್ವಾರು ಹೆಂಗದಾರ್ರಿ?" ಎಂದು ಕೇಳಿದ. ಆರಾಮ ಎಂದ ಗೌರೀಶ. ಭೀಮಶಿಯ ಮಾತಿನಲ್ಲಿ ಸಾವಕಾರ್ರ ಎಂಬುದು ಇರಲಿಲ್ಲ. ಭೀಮಶಿಯ ಹೆಂಡತಿ ಈ ಕಡೆ ನೋಡದೆ ಮೆಂತ್ಯದ ಸಿವುಡು ಎತ್ತಿ ಆರಿಸುತ್ತಲೇ ಇದ್ದಳು. ಗೌರೀಶ ಇನ್ನೂ ಏನೋ ಹೇಳಬೇಕೆಂದು ಒಂದು ಗಳಿಗೆ ನಿಂತ. ಆಮೇಲೆ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.